ಹನ್ನೆರಡನೆಯವನ ಜಾಗ

ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಹಿಂದಿನ ಬುಧವಾರ ಸಂಜೆ ನಾನು ಕಾಲಿನ ಉಗುರು ಕತ್ತರಿಸಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮರುದಿನ ನಡೆದದ್ದೆಲ್ಲ ಅಕಸ್ಮಾತ್ತಾಗಿ ನಡೆಯಿತು, ಒಬ್ಬ ಕಡಿಮೆ ಬಿದ್ದ, ಬೇರೆ ದಾರಿಯಿಲ್ಲದೆ ನಾನು ಕೂತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ತಿರುಗಿದ್ದೇನೆ. ಅಕಸ್ಮಾತ್ತಾಗಿ ಕೂರುವವನು ಹಿಂದಿನ ದಿನವೇ ಉಗುರು ಕತ್ತರಿಸಿಕೊಂಡು, ಹಿಮ್ಮಡಿಗೆ ಕಲ್ಲು ಹಾಕಿ ತಿಕ್ಕಿಕೊಳ್ಳುವುದಿಲ್ಲ. ನನ್ನ ಹೆಂಡತಿ ಒಳಗಿನಿಂದ ಬಂದು ನೋಡಿ, "ಇದೆಂಥ ಇವತ್ತು, ಮದುಮಗನ ಹಾಗೆ?" ಎಂದು ಕೇಳಿದಳು. ನಾನು ಹಬ್ಬ ಅಲ್ವಾ ಎಂದೆ.

ಕೊಡಗು ಆಗ ಬೇರೆಯೇ ಒಂದು ರಾಜ್ಯ. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ, ಇಬ್ಬರೇ ಮಂತ್ರಿಗಳು. ನಾನು ಸಿದ್ದಾಪುರದಿಂದ ಒಳಗೆ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಘಟ್ಟದ ಕೆಳಗಿನಿಂದ ಬಂದ ಕ್ರೈಸ್ತ. ನಾಲ್ಕು ಅಕ್ಷರ ಕಲಿತವನು. ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳ ಹೆಸರು ಕೂಗುವುದು, ಯಾರು ಎಲ್ಲಿ ಕೆಲಸ ಮಾಡಿದರೆಂದು ದೊರೆಗೆ ತಿಳಿಸುವುದು ನನ್ನ ಕೆಲಸ. ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಮೂವತ್ತು ನಲವತ್ತು ಮಂದಿ ಕ್ರೈಸ್ತರಿದ್ದರು. ಕೆಲವರದು ತಮಿಳು, ಕೆಲವರದು ಮಲಯಾಳ, ಕೆಲವರು ಮೈಸೂರು ಸೀಮೆಯ ಕನ್ನಡದವರು. ಜಪಸರವನ್ನು ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಹೇಳಿ ಆಮೆನ್ ಬಂದಾಗ ಎಲ್ಲರೂ ಒಟ್ಟಾಗುತ್ತಿದ್ದೆವು.

ಇವರೆಲ್ಲರಿಗೆ ನಾನೇ ಮುಂದಾಳು. ಯಾರೂ ನೇಮಿಸಿದ್ದಲ್ಲ, ನಾನೇ ಆದದ್ದು. ವಿರಾಜಪೇಟೆಯ ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಬಂದು ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಪೂಜೆ ಮಾಡುತ್ತಿದ್ದರು. ಸ್ಟೋರು ಗುಡಿಸುವುದು, ಮೇಜಿಗೆ ಬಿಳಿ ಬಟ್ಟೆ ಹಾಸುವುದು, ಗಂಟೆ ಅಲ್ಲಾಡಿಸುವುದು ಎಲ್ಲ ನಾನೇ. ಜ್ವರ ಬಂದವರ ಮನೆಗೆ ಗಂಜಿ ಒಯ್ಯುತ್ತಿದ್ದೆ, ಓದು ಬಾರದವರ ಕಾಗದ ಬರೆದುಕೊಡುತ್ತಿದ್ದೆ. ಇದೆಲ್ಲ ಒಳ್ಳೆಯದೇ. ಆದರೆ ಗಂಜಿಯ ಪಾತ್ರೆ ಹಿಡಿದು ನಾನು ಲೈನಿನ ಹಿಂದಿನ ಹತ್ತಿರದ ದಾರಿಯಲ್ಲಿ ಹೋದದ್ದು ನೆನಪಿಲ್ಲ; ಯಾವಾಗಲೂ ಎದುರಿನಿಂದ, ಎಲ್ಲರ ಬಾಗಿಲ ಮುಂದಿನಿಂದ. ರೈಟರಾದರೂ ಎಷ್ಟು ತಗ್ಗಿ ನಡೀತಾರೆ ನೋಡಿ ಎಂದು ಯಾರಾದರೂ ಅಂದರೆ ಆ ದಿನ ನನಗೆ ಊಟ ರುಚಿಯಾಗುತ್ತಿತ್ತು.

ಹುಣಸೂರು ಕಡೆಯ ಒಬ್ಬ ಆಳು ಇದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮಾತು ಕಡಿಮೆ, ಗುದ್ದಲಿ ಹಿಡಿದರೆ ಇಬ್ಬರ ಕೆಲಸ. ಹಿಂದಿನ ಮಳೆಗಾಲದಲ್ಲಿ ಜಿಗಣೆ ಕಚ್ಚಿದ ಜಾಗವನ್ನು ಕೆರೆದುಕೊಂಡು ಅವನ ಬಲಗಾಲಿನ ಹರಡಿನ ಮೇಲೆ ಹುಣ್ಣಾಯಿತು. ಸುಣ್ಣ ಹೊಗೆಸೊಪ್ಪು ಇಟ್ಟ, ಹುಣ್ಣು ದೊಡ್ಡದಾಯಿತು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಅಂಗೈಯಗಲ ಆಗಿ ವಾಸನೆ ಬರತೊಡಗಿತು. ಲೈನಿನಲ್ಲಿ ಒಬ್ಬರು ಅದು ದೊಡ್ಡ ರೋಗ ಎಂದರು. ಒಬ್ಬರು ಅಂದದ್ದು ಸಾಕಾಯಿತು, ಎಲ್ಲರೂ ಅಂದರು. ಸಿದ್ದಾಪುರದ ಡಾಕ್ಟರು ನೋಡಿ, ಇದು ಕುಷ್ಠ ಅಲ್ಲ, ಬರೀ ಹುಣ್ಣು, ತೊಳೆದು ಕಟ್ಟಿದರೆ ವಾಸಿಯಾಗುತ್ತದೆ ಎಂದು ಹೇಳಿ ಕಳಿಸಿದರು. ಅವರ ಮಾತನ್ನು ಯಾರು ಕೇಳಬೇಕು? ಲೈನಿನ ನೀರಿನ ತೊಟ್ಟಿ ಮುಟ್ಟಬೇಡ ಎಂದರು. ಆಳುಗಳ ಮೇಲ್ವಿಚಾರಣೆಯ ಮೇಸ್ತ್ರಿ ಅವನನ್ನು ಲೈನಿನಿಂದ ಬಿಡಿಸಿ ದನದ ಕೊಟ್ಟಿಗೆಯ ಆಚೆಗಿದ್ದ ಗೊಬ್ಬರದ ಶೆಡ್ಡಿಗೆ ಹಾಕಿದ. ಮಸ್ಟರಿಗೂ ಬರಬೇಡ, ಮಂಗ ಓಡಿಸಿಕೊಂಡು ಅಲ್ಲೇ ಇರು ಎಂದ. ಅವನ ಹೆಂಡತಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ಗಂಡನಿಗೆ ಹೆದರಿ ಹೋದದ್ದಲ್ಲ, ಮಗುವನ್ನೂ ತೊಟ್ಟಿಯ ಹತ್ತಿರ ಬಿಡುವುದಿಲ್ಲ ಎಂದು ಹೆಂಗಸರು ಹೇಳಿದ್ದಕ್ಕೆ ಹೋದದ್ದು. ಲೈನಿನವರು ನಿಮ್ಮನ್ನು ಮತ್ತೆ ಸೇರಿಸಿಕೊಂಡ ದಿನ ಬರುತ್ತೇನೆ ಎಂದು ಹೇಳಿ ಹೋಗಿದ್ದಳು.

ಸ್ವಾಮಿಗಳಿಗೆ ಇದು ಗೊತ್ತಾದಾಗ ಅವರು ಒಂದು ಉಪಾಯ ಹೂಡಿದರು. ಪವಿತ್ರ ಗುರುವಾರ ಯೇಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ ಪಾದ್ರಿಗಳು ಹನ್ನೆರಡು ಗಂಡಸರ ಕಾಲು ತೊಳೆಯುವುದುಂಟು. ಅದು ದೊಡ್ಡ ಇಗರ್ಜಿಗಳಲ್ಲಿ ನಡೆಯುವ ಕ್ರಮ. ಆ ವರ್ಷ ಸ್ವಾಮಿಗಳು, ಬೆಳಿಗ್ಗೆ ವಿರಾಜಪೇಟೆಯಲ್ಲಿ ಪೂಜೆ ಮುಗಿಸಿ ಮಧ್ಯಾಹ್ನ ನಿಮ್ಮ ಸ್ಟೋರಿಗೆ ಬರ್ತೇನೆ, ಅಲ್ಲೇ ತೊಳೆಯೋಣ ಎಂದರು.

"ಹನ್ನೊಂದು ಜನರನ್ನು ನೀವೇ ಆರಿಸಿ ರೈಟರೇ. ಹನ್ನೆರಡನೆಯವನು ಮಾತ್ರ ಅವನೇ ಆಗಬೇಕು. ಡಾಕ್ಟರ ಮಾತನ್ನು ಇವರು ಕೇಳೋದಿಲ್ಲ. ನಾನು ಆ ಕಾಲು ಮುಟ್ಟಿ ಮುತ್ತು ಕೊಡೋದನ್ನು ಕಣ್ಣಾರೆ ನೋಡ್ಲಿ. ಆಮೇಲೆ ತೊಟ್ಟಿ ಮುಟ್ಟಬೇಡ ಅನ್ನೋದಕ್ಕೆ ಯಾರಿಗೆ ಬಾಯಿ ಬರ್ತದೆ ನೋಡುವ."

ಅವನಿಗೆ ಈ ಸುದ್ದಿ ಹೇಳಿದ್ದು ನಾನೇ. ಅವನು, ಹೆಂಡತಿಗೆ ಒಂದು ಕಾರ್ಡು ಬರೆದುಕೊಡಿ ಎಂದ. ಸಾಮೇರು ಕಾಲು ತೊಳೀತಾರೆ, ಹಬ್ಬ ಕಳೆದ ಮೇಲೆ ಮಗ ಕರಕೊಂಡು ಬಾ, ಇಷ್ಟು ಬರೆಯಿರಿ ಸಾಕು ಎಂದ. ನನ್ನ ಕೈಯಿಂದಲೇ ಬರೆದೆ. ಆದ್ದರಿಂದ ಆ ಕಾಲಿನ ಮೇಲೆ ಏನೇನು ನಿಂತಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಕೆಟ್ಟದ್ದು ಎಲ್ಲಿಂದ ಶುರುವಾಯಿತೆಂದರೆ, ದೊರೆಸಾನಿ ನಾವೂ ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದಳು. ಅಲ್ಲಿಂದ ನನ್ನ ತಲೆ ನನ್ನ ಹತೋಟಿಯಲ್ಲಿರಲಿಲ್ಲ. ಬಂಗಲೆಯಿಂದ ಎರಡು ಬೆತ್ತದ ಕುರ್ಚಿ ತರಿಸಿ ಮುಂದುಗಡೆ ಹಾಕಿಸಿದೆ. ಹೆಂಡತಿಯ ತವರಿನ ಹಿತ್ತಾಳೆ ಬೋಗುಣಿಗೆ ಹುಣಸೆಹಣ್ಣು ಹಾಕಿ ಬೆಳಗಿಸಿದೆ. ತೊಳೆಸಿಕೊಳ್ಳಲು ಬರುವವರು ಮೊದಲೇ ಕಾಲು ತೊಳೆದುಕೊಂಡು ಬರುವುದು ನಮ್ಮವರಲ್ಲಿ ಎಲ್ಲ ಕಡೆ ಇದ್ದದ್ದೇ. ಪಾದ್ರಿಗಳ ಕೈಗೆ ಕೊಳೆ ಹತ್ತಬಾರದು ಎಂಬ ಮರ್ಯಾದೆ. ನಾನು ಅದನ್ನು ಇನ್ನೂ ಮುಂದಕ್ಕೆ ಒಯ್ದೆ. ಗುರುವಾರ ಬೆಳಿಗ್ಗೆ ಅವರನ್ನೆಲ್ಲ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿಯ ಹತ್ತಿರ ಸಾಲಾಗಿ ಕೂರಿಸಿ, ಸೋಪು ತೆಂಗಿನ ನಾರು ಕೊಟ್ಟು, ಸಂತೆಯಲ್ಲಿ ಎತ್ತಿನ ಗೊರಸು ನೋಡುವ ಹಾಗೆ ಒಬ್ಬೊಬ್ಬರ ಪಾದವನ್ನೂ ಎತ್ತಿಸಿ ನೋಡಿದೆ. ವರ್ಷವಿಡೀ ಬರಿಗಾಲಲ್ಲಿ ತೋಟ ಸುತ್ತಿದವರ ಬಿರುಕು ಎಷ್ಟು ತಿಕ್ಕಿದರೆ ಹೋಗುತ್ತದೆ? ಕೊನೆಗೆ ಬಿರುಕಿಗೆ ಕೊಬ್ಬರಿ ಎಣ್ಣೆ ಹಚ್ಚಿಸಿದೆ. ಸ್ವಾಮಿಗಳಿಗೆ ತೊಳೆಯಲು ಏನಾದರೂ ಉಳಿಯಿತೇ ಎಂದು ಆಗ ನನಗೆ ಅನ್ನಿಸಲೇ ಇಲ್ಲ.

ಅವನು ಎಲ್ಲರಿಗಿಂತ ಮೊದಲು ಬಂದಿದ್ದ. ಸಾಲಿನಿಂದ ಹತ್ತು ಮಾರು ಆಚೆ, ಕಣದ ಅಂಚಿನಲ್ಲಿ ಕೂತಿದ್ದ. ಬಿಳಿ ಶರ್ಟು ಹಾಕಿದ್ದ, ಮದುವೆಯದ್ದಿರಬೇಕು. ಹುಣ್ಣಿನ ಬಟ್ಟೆ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಹೊಸ ಬಟ್ಟೆ ಸುತ್ತಿಕೊಂಡಿದ್ದ. ನಾನು ಹತ್ತಿರ ಹೋದೆ. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಮಧ್ಯಾಹ್ನ ದೊರೆಸಾನಿ ಮೂಗಿಗೆ ಕರ್ಚೀಫು ಇಟ್ಟುಕೊಳ್ಳುವುದು ಆಗಲೇ ನನ್ನ ಕಣ್ಣಿಗೆ ಕಟ್ಟಿತು. ಇಡೀ ಸ್ಟೋರು ನನ್ನದೇ ಮನೆ ಎಂಬಂತೆ ನನಗೆ ನಾಚಿಕೆಯಾಯಿತು. ನಾಚಿಕೆಪಡಬೇಕಾದ ಜಾಗ ಅದಾಗಿರಲಿಲ್ಲ.

"ನೋಡು, ಇವತ್ತು ನೀನು ಬರೋದು ಬೇಡ," ಎಂದೆ.

ಅವನು ತಲೆಯೆತ್ತಿ ನೋಡಿದ. "ಸಾಮೇರೇ ಅಂದ್ರಾ ರೈಟ್ರೇ?"

ಅಲ್ಲ, ನಾನು ಎನ್ನುವುದಕ್ಕೆ ನನಗೆ ಧೈರ್ಯವಿರಲಿಲ್ಲ. "ಹೂಂ, ಅವರೇ ಹೇಳಿಕಳಿಸಿದ್ದಾರೆ. ಹುಣ್ಣು ಮಾಗ್ಲಿ, ಬರೋ ವರ್ಷ ನೋಡುವ ಅಂದ್ರು."

"ಹಂಗಾರೆ ಸರಿ ಬುಡಿ," ಎಂದ. ಎದ್ದು, ಹೊಸ ಬಟ್ಟೆಗೆ ಧೂಳು ಹತ್ತದ ಹಾಗೆ ಆ ಕಾಲನ್ನು ಮೆಲ್ಲಗೆ ಇಡುತ್ತ ಶೆಡ್ಡಿನ ಕಡೆ ಹೋದ. ಮೇಸ್ತ್ರಿ ದೂರದಿಂದ ನೋಡಿ, ಒಳ್ಳೇದು ಮಾಡಿದ್ರಿ ಎಂಬಂತೆ ನನಗೆ ತಲೆ ಆಡಿಸಿದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಗಂಟೆ ಅಲ್ಲಾಡಿಸುವ ನಾನು ಪೂಜಾರಿಯೂ ಅಲ್ಲ.

ಮಧ್ಯಾಹ್ನ ಸ್ಟೋರಿನಲ್ಲಿ ಹನ್ನೊಂದು ಜನ ಬೆಂಚುಗಳ ಮೇಲೆ ಕೂತರು. ಹನ್ನೆರಡನೆಯ ಜಾಗ ಖಾಲಿ. ಲೈನಿನಲ್ಲಿ ಬೇರೆ ಗಂಡಸರಿರಲಿಲ್ಲವೇ? ಇದ್ದರು, ಎಂಟು ಹತ್ತು ಮಂದಿ ಹಿಂದೆ ನಿಂತೇ ಇದ್ದರು. ನಾನು ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ, ನೀರು ಹೊಯ್ಯುವ ಚೆಂಬನ್ನು ಮೇಸ್ತ್ರಿಯ ಕೈಗೆ ಕೊಟ್ಟು ಹೋಗಿ ಕೂತೆ. ಹನ್ನೊಂದು ಜೊತೆ ಕರಿ ಪಾದಗಳ ಕೊನೆಗೆ ನನ್ನ ಬೆಳ್ಳಗಿನ ಪಾದ. ಆ ಕ್ಷಣದಲ್ಲಿ ನನಗೆ ಹೆಮ್ಮೆಯೇ ಆಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ರೈಟರಾದರೂ ಕೂಲಿಗಳ ಸಾಲಿನಲ್ಲಿ ಕೂತಿದ್ದೇನೆ, ದೊರೆ ನೋಡುತ್ತಿದ್ದಾನೆ ಎಂದುಕೊಂಡೆ.

ಸ್ವಾಮಿಗಳು ಸೊಂಟಕ್ಕೆ ಟವಲು ಕಟ್ಟಿಕೊಂಡು ಮಂಡಿಯೂರಿ ಒಬ್ಬೊಬ್ಬರ ಬಲಗಾಲು ತೊಳೆಯುತ್ತ ಬಂದರು. ಅವರಿಗೂ ವಯಸ್ಸಾಗಿತ್ತು, ಪ್ರತಿ ಸಲ ಏಳುವಾಗ ಬೆಂಚು ಹಿಡಿದುಕೊಳ್ಳುತ್ತಿದ್ದರು. ಕೊನೆಗೆ ನನ್ನ ಮುಂದೆ ಬಂದು ಮುಖ ನೋಡಿದರು.

"ಅವನೆಲ್ಲಿ?" ಎಂದು ಮೆಲ್ಲಗೆ ಕೇಳಿದರು.

"ಕಾಲು ನೋವು ಜಾಸ್ತಿಯಂತೆ ಸ್ವಾಮಿ. ಬರ್ಲಿಕ್ಕೆ ಆಗೋದಿಲ್ಲ ಅಂದ."

ಅವರ ಕೈಯಲ್ಲಿ ಆಗಲೇ ನನ್ನ ಹಿಮ್ಮಡಿ ಇತ್ತು. ನೀರು ಹಾಕಿ ತೊಳೆದು, ಒರೆಸಿ, ಬಗ್ಗಿ ಮುತ್ತು ಕೊಟ್ಟರು. ಅವರ ಗಡ್ಡ ನನ್ನ ಪಾದಕ್ಕೆ ತಾಗಿತು. ಸುಳ್ಳು ಹೇಳಿದ ಬಾಯಿ ಇನ್ನೂ ಮುಚ್ಚಿರಲಿಲ್ಲ. ಆಗಲೇ ಎದ್ದು ನಿಂತು ನಿಜ ಹೇಳಿದ್ದರೆ ಅರ್ಧ ಗಳಿಗೆಯ ಅವಮಾನದಲ್ಲಿ ಎಲ್ಲ ಮುಗಿಯುತ್ತಿತ್ತು, ಆ ಕಾಲನ್ನೂ ಜನ ನೋಡುತ್ತಿದ್ದರು.

ಎಲ್ಲ ಮುಗಿದು ಜನ ಲೈನುಗಳಿಗೆ ಹೋದರು. ನಾನು ದೊರೆ ದೊರೆಸಾನಿಗೆ ಕಾಫಿ ಕೊಡಿಸುವ ಗಡಿಬಿಡಿಯಲ್ಲಿದ್ದಾಗ ಸ್ವಾಮಿಗಳು ಬಂದು, ಬೋಗುಣಿಯಲ್ಲಿ ಬೇರೆ ನೀರು ತುಂಬಿಸಿ, ಅವನಿಗೆ ಬರೋಕಾಗದಿದ್ದರೆ ನಾವೇ ಹೋಗುವ ಎಂದರು. ಬೋಗುಣಿ ಹೊತ್ತು ಅವರ ಹಿಂದೆ ನಡೆದೆ. ಕೊಟ್ಟಿಗೆ ದಾಟುವವರೆಗೆ ಏನು ಹೇಳಲಿ, ಏನು ಹೇಳಲಿ ಎಂದು ಯೋಚಿಸಿ ಯೋಚಿಸಿ ಅರ್ಧ ನೀರು ನನ್ನ ಪಂಚೆಯ ಮೇಲೆಯೇ ಚೆಲ್ಲಿಕೊಂಡೆ.

ಅವನು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ. ಅದೇ ಬಿಳಿ ಶರ್ಟು. ಕಾಲಿನ ಬಟ್ಟೆ ಬೆಳಿಗ್ಗೆ ಸುತ್ತಿದ ಹಾಗೆಯೇ ಇತ್ತು. ನಮ್ಮನ್ನು ಕಂಡು ಗಡಬಡಿಸಿ ಎದ್ದು ನಿಂತ.

"ಕೂತ್ಕೊ, ಕೂತ್ಕೊ," ಎಂದರು ಸ್ವಾಮಿಗಳು. "ನೋವು ಜಾಸ್ತಿ, ಬರೋಕಾಗಲ್ಲ ಅಂದೆಯಂತೆ. ರೈಟರು ಹೇಳಿದರು."

ಅವನು ನನ್ನ ಕಡೆ ತಿರುಗಿದ. ಬೋಗುಣಿ ಹಿಡಿದು ಒದ್ದೆ ಪಂಚೆಯಲ್ಲಿ ನಿಂತ ನನ್ನನ್ನು ಒಂದು ಸಲ ನೋಡಿದ. ಬೆಳಿಗ್ಗೆಯ ಮಾತು ಸ್ವಾಮಿಗಳದ್ದಲ್ಲ, ನನ್ನದೆಂದು ಅವನಿಗೆ ಆಗ ತಿಳಿಯಿತು. ಅವನು ನಿಜ ಹೇಳುತ್ತಾನೆಂದೇ ನಾನು ಕಾದೆ.

"ಊಂ ಸಾಮಿ," ಎಂದ. "ನಡಿಯಕ್ಕಾಯ್ತಿರ್ನಿಲ್ಲ. ರೈಟ್ರು ಬಂದು ಕರುದ್ರು, ನಾನೇ ಬರ್ನಿಲ್ಲ."

ಕರೆದರು ಎಂದು ಸೇರಿಸುವುದನ್ನು ಯಾರೂ ಅವನಿಂದ ಕೇಳಿರಲಿಲ್ಲ. ದೀನರ ಸೇವೆ ಎಂದು ನಾನು ಸ್ಟೋರಿನಲ್ಲಿ ಎಷ್ಟೋ ಸಲ ಭಾಷಣ ಮಾಡಿದ್ದೇನೆ. ನನಗೆ ಯಾರಾದರೂ ನಿಜವಾಗಿ ಅದನ್ನು ಮಾಡಿ ತೋರಿಸಿದ್ದರೆ ಅದು ಆ ಶೆಡ್ಡಿನ ಬಾಗಿಲಲ್ಲಿ, ಹುಣ್ಣಿನ ಕಾಲಿನವನು.

ಸ್ವಾಮಿಗಳು ಬಟ್ಟೆ ಬಿಚ್ಚಿದರು. ನಾನು ಬೋಗುಣಿ ಕೆಳಗಿಟ್ಟು ಮುಖ ಆಚೆ ತಿರುಗಿಸಿ ಬೆಟ್ಟದ ಕಡೆ ನೋಡುತ್ತ ನಿಂತೆ. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ತಿರುಗಿದಾಗ ಸ್ವಾಮಿಗಳು ಆ ಪಾದದಿಂದ ತಲೆ ಮೇಲೆತ್ತುತ್ತಿದ್ದರು, ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅಷ್ಟರಲ್ಲಿ ಸ್ಟೋರಿನ ಕಡೆಯಿಂದ ಹಾರ್ನ್ ಕೇಳಿತು. ಸ್ವಾಮಿಗಳನ್ನು ವಿರಾಜಪೇಟೆಗೆ ಬಿಡಲು ದೊರೆಯ ಕಾರು ಕಾಯುತ್ತಿತ್ತು.

"ಜನ ಎಲ್ಲ ಹೋಗಿಬಿಟ್ಟಿದ್ದಾರೆ," ಎಂದರು ಅವರು ನಡೆಯುತ್ತ. "ನನಗೂ ಹೊತ್ತಾಯ್ತು. ಇಲ್ಲಿ ನಡೆದದ್ದನ್ನು ನೀವು ಎಲ್ಲರಿಗೂ ಹೇಳಬೇಕು ರೈಟರೇ. ನಿಮ್ಮ ಮಾತು ಕೇಳ್ತಾರೆ."

"ಆಗಲಿ ಸ್ವಾಮಿ," ಎಂದೆ.

ಅವರಿಗೆ ನನ್ನ ಸುಳ್ಳು ಗೊತ್ತಾಗಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿಯೂ, ತಿದ್ದಿಕೊಳ್ಳಲು ನನಗೊಂದು ದಾರಿ ಬಿಟ್ಟುಕೊಟ್ಟರೋ ಏನೋ.

ಶುಕ್ರವಾರ ಯೇಸುಸ್ವಾಮಿ ಸತ್ತ ದುಃಖದ ದಿನ, ಹೇಳುವುದು ಹೇಗೆ ಎಂದುಕೊಂಡೆ. ಶನಿವಾರ ಕೆಲಸವಿತ್ತು. ಭಾನುವಾರ ಹಬ್ಬ, ಎಲ್ಲರೂ ಲಾರಿಯಲ್ಲಿ ವಿರಾಜಪೇಟೆಗೆ ಹೋಗಿ ಬಂದೆವು; ಹಬ್ಬದ ದಿನ ಹುಣ್ಣಿನ ಮಾತು ಯಾಕೆ ಎಂದುಕೊಂಡೆ. ನಿಜವಾದ ಕಾರಣ ಬೇರೆ. ಹೇಳಿದರೆ, ಸ್ಟೋರು ಬಿಟ್ಟು ಶೆಡ್ಡಿನಲ್ಲಿ ಯಾಕೆ ತೊಳೆದರು ಎಂದು ಕೇಳುತ್ತಾರೆ. ಅವನನ್ನು ನಾನು ಹಿಂದಕ್ಕೆ ಕಳಿಸಿದ್ದನ್ನು ಮೇಸ್ತ್ರಿ ನೋಡಿದ್ದಾನೆ. ಒಂದು ಎಳೆ ಎಳೆದರೆ ಬಟ್ಟೆಯೆಲ್ಲ ಬಿಚ್ಚುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು.

ಸೋಮವಾರ ಬೆಳಿಗ್ಗೆ ಅವನು ಗುದ್ದಲಿ ಹಿಡಿದು ಮಸ್ಟರಿಗೆ ಬಂದ. ನಾನು ಹೇಳಿರುತ್ತೇನೆಂದು ನಂಬಿಯೇ ಬಂದಿದ್ದ. ಅವನು ಸಾಲಿಗೆ ಸೇರಿದ ಕೂಡಲೇ ಆಚೆ ಈಚೆ ನಿಂತವರು ಸರಿದರು.

"ನೀನು ಎಂಥಕ್ಕೆ ಬಂದದ್ದು?" ಎಂದ ಮೇಸ್ತ್ರಿ. "ಶೆಡ್ಡಲ್ಲಿ ಇರು ಅಂತ ಹೇಳಿದ್ದಲ್ವಾ?"

"ಸಾಮೇರು ಮುಟ್ಟವ್ರೆ," ಎಂದ ಅವನು. "ನನ್ ಕಾಲ್ ತೊಳ್ದು ಮುತ್ತು ಕೊಟ್ಟವ್ರೆ. ಅವ್ರಿಗೇನಾಯ್ತು? ಬೇಕಾರೆ ರೈಟ್ರ ಕೇಳಿ, ಪಕ್ಕದಲ್ಲೇ ನಿಂತಿದ್ರು."

ಅರವತ್ತು ಎಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಮೇಸ್ತ್ರಿ, "ಹೌದಾ ರೈಟ್ರೇ? ನೀವು ನೋಡಿದ್ದುಂಟಾ?" ಎಂದು ಕೇಳಿದ.

"ನಾನು ನೋಡ್ಲಿಲ್ಲ," ಎಂದೆ.

ಸುಳ್ಳಲ್ಲ, ನೋಡಿ. ತೊಳೆಯುವಾಗ ನಾನು ಬೆಟ್ಟ ನೋಡುತ್ತಿದ್ದೆ. ತಿರುಗಿದಾಗ ಮುತ್ತು ಕೊಟ್ಟಾಗಿತ್ತು. ಆ ನಿಮಿಷದಲ್ಲಿ ಇಷ್ಟು ಲೆಕ್ಕ ನನ್ನ ತಲೆಯೊಳಗೆ ನಡೆಯಿತು ಎನ್ನುವುದೇ ನನಗೆ ಹೇಸಿಗೆ. ಮೇಸ್ತ್ರಿ ನಕ್ಕ, ಸಾಲಿನಲ್ಲಿ ಇನ್ನೂ ಕೆಲವರು ನಕ್ಕರು. ಅವನು ಗುದ್ದಲಿಯನ್ನು ಅಲ್ಲೇ ಗೋಡೆಗೆ ಒರಗಿಸಿ ಹೊರಟುಹೋದ. ನಾನು ಮುಂದಿನ ಹೆಸರು ಕೂಗಿದೆ. ಯೇಸುಸ್ವಾಮಿಯನ್ನು ಹಿಡಿದ ರಾತ್ರಿ ಗುರುವನ್ನು ಅರಿಯೆ ಎಂದ ಶಿಷ್ಯನಿಗೆ ಆಮೇಲೆ ಅಳುವಾದರೂ ಬಂತು. ನಾನು ಮನೆಗೆ ಹೋಗಿ ಎರಡು ಲೋಟ ಕಾಫಿ ಕುಡಿದೆ. ಮುಂದೊಂದು ದಿನ ಮೈಸೂರಿನಲ್ಲಿ ಗುರುತಿಲ್ಲದ ಪಾದ್ರಿಯೊಬ್ಬರ ಹತ್ತಿರ ಪಾಪನಿವೇದನೆಗೆ ಹೋಗಿ, ಸುಳ್ಳು ಹೇಳಿದ್ದೇನೆ ಎಂದಷ್ಟೇ ಹೇಳಿದೆ. ಅವರು ಮೂರು ಜಪ ಹೇಳಲು ಹೇಳಿ ಕಳಿಸಿದರು.

ಬುಧವಾರ ನೋಡಿದರೆ ಶೆಡ್ಡು ಖಾಲಿಯಾಗಿತ್ತು. ಎಲ್ಲಿಗೆ ಹೋದನೆಂದು ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನು, ನಾನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಎದುರಿಗೆ ಸಿಗುವ ಕಾಟ ತಪ್ಪಿತು ಎಂದು ನಿರಾಳವಾಯಿತು.

ಹಬ್ಬ ಕಳೆದ ಎರಡನೆಯ ಭಾನುವಾರ ಅವನ ಹೆಂಡತಿ ಬಂದಳು. ಸೊಂಟದಲ್ಲಿ ಮಗು, ಕೈಯಲ್ಲಿ ಒಂದು ಗಂಟು. ಲೈನಿಗೆ ಹೋಗದೆ ಮೊದಲು ನನ್ನ ಮನೆಯ ಅಂಗಳಕ್ಕೇ ಬಂದಳು. ನನ್ನ ಹೆಂಡತಿ ಮಗುವಿಗೆ ಬೆಲ್ಲದ ಚೂರು ಕೊಟ್ಟಳು.

"ಅವ್ರು ಎಲ್ಲವ್ರೆ ರೈಟ್ರೇ?"

"ಹೋದನಮ್ಮ. ಹೇಳದೆ ಹೋದ. ಎಲ್ಲಿಗೆ ಅಂತ ಗೊತ್ತಿಲ್ಲ."

ಅವಳು ನಿಂತೇ ಇದ್ದಳು. ಗಂಟನ್ನು ಕೆಳಗಿಡಲೂ ಇಲ್ಲ. "ಸಾಮೇರು ಕಾಲು ತೊಳೀನಿಲ್ವಾ ಹಂಗಾರೆ?"

"ತೊಳೆದ್ರು," ಎಂದೆ. "ತೊಳೆದು ಮುತ್ತೂ ಕೊಟ್ರು. ನಾನು ಅಲ್ಲೇ ಇದ್ದೆ."

ಎಷ್ಟು ಸುಲಭವಾಗಿ ಬಂತು ಆ ಮಾತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೂ ನಾನು ಇದನ್ನು ಹೇಳಿರಲಿಲ್ಲ.

"ಮತ್ತೆ ಜನ ಯಾಕ್ ಸೇರುಸ್ಕಣ್ನಿಲ್ಲ?" ಎಂದು ಕೇಳಿದಳು ಅವನ ಹೆಂಡತಿ. "ಯಾರೂ ನೋಡ್ನಿಲ್ವಾ?"

"ನಾನೊಬ್ಬನೇ ನೋಡಿದ್ದು," ಎಂದೆ.

ಮುಂದೇನಾದರೂ ಹೇಳುತ್ತೇನೆಂದು ಅವಳು ಕಾದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಅವಳು ಸಿದ್ದಾಪುರದ ದಾರಿ ಹಿಡಿದಳು.